ಪಕ್ಕದ ಸೀಟು

ಗೇರು ಬದಲಿಸುವಾಗ ಕುಲ್ಯಾಶ್ ನಾಲಗೆಯ ತುದಿಯನ್ನು ತುಟಿಯಾಚೆ ಸ್ವಲ್ಪವೇ ಚಾಚುತ್ತಾಳೆ ಎಂಬುದು, ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ, ಇವತ್ತು ಬೆಳಿಗ್ಗೆ ಒರಾಜ್‌ಬೆಕ್‌ಗೆ ಗೊತ್ತಾಯಿತು. ಇಷ್ಟು ವರ್ಷ ಅವಳು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದಳು, ಅವನು ರಸ್ತೆ ನೋಡುತ್ತಿದ್ದ. ಈಗ ಪಕ್ಕದ ಸೀಟು ಅವನದಾಗಿತ್ತು. ನೋಡಲು ಬೇರೇನೂ ಇಲ್ಲದೆ ಅವಳನ್ನೇ ನೋಡುತ್ತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟರೆ ಫೋಟೋ ತೆಗೆಸಿಕೊಳ್ಳಲು ಕೂತ ಹಾಗಿತ್ತು. ಎದೆಯ ಮೇಲೆ ಕಟ್ಟಿಕೊಂಡರೆ ಸಿಟ್ಟು ಬಂದವನ ಹಾಗೆ ಕಾಣುತ್ತಿತ್ತು, ಸಿಟ್ಟು ಮಾಡಿಕೊಳ್ಳುವ ಹಕ್ಕು ಸದ್ಯಕ್ಕೆ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಬಲಗಾಲಂತೂ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಎದುರಿಗೆ ಲಾರಿ ಕಂಡಾಗಲೆಲ್ಲ ಅದು ಕೆಳಗಿನ ರಬ್ಬರ್ ಚಾಪೆಯನ್ನೇ ಬ್ರೇಕೆಂದು ತಿಳಿದು ಗಟ್ಟಿಯಾಗಿ ಒತ್ತುತ್ತಿತ್ತು. ಕುಲ್ಯಾಶ್ ಒಮ್ಮೆ ಅದನ್ನು ಕಣ್ಣಂಚಿನಲ್ಲಿ ನೋಡಿದಳು. ಮದುವೆಯಲ್ಲಿ ಬಂದ ದಿಂಬೊಂದನ್ನು ಕೆಳಗೆ ಹಾಕಿಕೊಂಡು, ಬೆನ್ನನ್ನು ಸೀಟಿಗೆ ತಾಗಿಸದೆ, ಸ್ಟೇರಿಂಗನ್ನು ಎರಡೂ ಕೈಯಿಂದ ಹಸುವಿನ ಕೊಂಬು ಹಿಡಿದ ಹಾಗೆ ಹಿಡಿದು, ಅವಳು ಆ ಹಳೆಯ ಬಿಳಿ ಲಾಡಾ ಕಾರನ್ನು ಕಝಾಕರ ನಾಡಿನ ಜಾರ್ಕೆಂಟ್ ಊರಿನಿಂದ ಹೊರಗೆ ನಡೆಸುತ್ತಿದ್ದಳು. ಅವರನ್ನು ಒಂದು ಟ್ರ್ಯಾಕ್ಟರ್ ದಾಟಿ ಹೋಯಿತು. ಟ್ರ್ಯಾಕ್ಟರಿನವನು ತಿರುಗಿ ನೋಡಿ, ಪಕ್ಕದ ಸೀಟಿನಲ್ಲಿ ಭೂಗೋಳದ ಮೇಷ್ಟ್ರನ್ನು ಗುರುತಿಸಿ, ಟೋಪಿ ಮುಟ್ಟಿ ನಮಸ್ಕರಿಸಿದ. ಒರಾಜ್‌ಬೆಕ್ ತಲೆ ತಗ್ಗಿಸಿ ಸೀಟಿನ ಬೆಲ್ಟನ್ನು ಸರಿಪಡಿಸಿಕೊಳ್ಳುವವನಂತೆ ನಟಿಸಿದ.

ಲೈಸೆನ್ಸು ಅವಳ ಬಳಿ ಮೊದಲಿನಿಂದಲೂ ಇತ್ತು, ಅದೇ ವಿಚಿತ್ರ. ಮಗಳು ಚಿಕ್ಕವಳಿದ್ದಾಗ ಅವಳು ಡ್ರೈವಿಂಗ್ ಶಾಲೆಗೆ ಹೋಗಿ ಒಂದೇ ಸಲಕ್ಕೆ ಪಾಸಾಗಿ ಬಂದಿದ್ದಳು. ಆ ಭಾನುವಾರ ಅವನು ಅವಳನ್ನು ಮೊದಲ ಸಲ ಸ್ಟೇರಿಂಗ್ ಹಿಂದೆ ಕೂರಿಸಿ, ಮೊದಲ ತಿರುವಿನಲ್ಲೇ ಎಂಥದೋ ಕೂಗಿದ್ದ. ಏನು ಕೂಗಿದ್ದೆನೆಂದು ಅವನಿಗೆ ನೆನಪಿಲ್ಲ. ಅವಳಿಗೆ ಇರಬೇಕು, ಯಾಕೆಂದರೆ ಅವಳು ಗಾಡಿಯನ್ನು ರಸ್ತೆಯ ಮಧ್ಯದಲ್ಲಿ ನಿಲ್ಲಿಸಿ, ಇಳಿದು, ಮನೆಗೆ ನಡೆದೇ ಹೋಗಿದ್ದಳು. ಲೈಸೆನ್ಸು ಪಿಂಗಾಣಿ ಬಟ್ಟಲುಗಳ ಡಬ್ಬಿ ಸೇರಿತ್ತು; ಅವಧಿ ಮುಗಿದಾಗಲೆಲ್ಲ ಅವಳು ಅವನಿಗೆ ಹೇಳದೆ ಹೋಗಿ ಹೊಸದು ಮಾಡಿಸಿಕೊಂಡು ಬಂದು ಮತ್ತೆ ಬಟ್ಟಲುಗಳ ಜೊತೆ ಇಡುತ್ತಿದ್ದಳಂತೆ. ಇದನ್ನು ಅವಳು ಇವತ್ತು, ಅವನು ಬಿಡುಗಡೆಯಾಗಿ ಹೊರಬಂದ ಬಂದೀಖಾನೆಯ ಗೇಟಿನ ಮುಂದೆ, ಹವಾಮಾನದ ಬಗ್ಗೆ ಮಾತಾಡುವ ಹಾಗೆ ಹೇಳಿದಳು.

ಊರ ಬಾಗಿಲಲ್ಲಿ ಪೋಲೀಸ್ ಚೌಕಿ ಬಂತು. ಅವನನ್ನು ಹಿಡಿದದ್ದು ಇಲ್ಲೇ. ಅದೇ ಚೌಕಿ, ಅದೇ ಗಡ್ಡವಿಲ್ಲದ ಹುಡುಗುಮುಖದ ಪೋಲೀಸ. ಅವನು ಕುಲ್ಯಾಶಳ ಕಾಗದ ನೋಡಿ, ಸೆಲ್ಯೂಟ್ ಹೊಡೆದು, ಬಗ್ಗಿ ಈ ಕಡೆ ನೋಡಿ, "ಮೇಷ್ಟ್ರೇ, ಆರೋಗ್ಯವಾಗಿದೀರಾ? ಬೆಲ್ಟು ಸ್ವಲ್ಪ ಬಿಗಿ ಮಾಡ್ಕೊಳ್ಳಿ," ಎಂದ. ಅದರಲ್ಲಿ ವ್ಯಂಗ್ಯವೇ ಇರಲಿಲ್ಲ. ಇದ್ದಿದ್ದರೆ ಒರಾಜ್‌ಬೆಕ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆವತ್ತು ಇದೇ ಜಾಗದಲ್ಲಿ ಅವನು ಗಾಡಿಯನ್ನು ಬಹಳ ಅಂದವಾಗಿ ನಿಲ್ಲಿಸಿದ್ದ, ಅಥವಾ ನಿಲ್ಲಿಸಿದ್ದೇನೆ ಎಂದುಕೊಂಡಿದ್ದ. ಬಲಕ್ಕೆ ತಿರುಗುವ ದೀಪ ಹಾಕಲು ಹೋಗಿ ವೈಪರ್ ಹಾಕಿದ್ದ. ನಿಚ್ಚಳ ಬಿಸಿಲಿನಲ್ಲಿ ವೈಪರ್ ಅತ್ತಿಂದಿತ್ತ ತೇಯುತ್ತಿದ್ದಾಗ ಈ ಹುಡುಗ ಬಂದು, "ಮೇಷ್ಟ್ರೇ, ಎಲ್ಲಿಂದ ಬರ್ತಿದೀರಾ?" ಎಂದು ಕೇಳಿದ್ದ. ಅದಕ್ಕೆ ಉತ್ತರವಾಗಿ ಒರಾಜ್‌ಬೆಕ್ ಇಲಿ ನದಿ ಎಲ್ಲಿಂದ ಬರುತ್ತದೆ ಎಂದು ವಿವರಿಸಲು ತೊಡಗಿದ. ನದಿ ಚೀನಾದ ಬೆಟ್ಟಗಳಿಂದ ಇಳಿದು ನಮ್ಮ ಕಡೆ ಬರುತ್ತದೆ ಎಂದು ಇಡೀ ಜೀವಮಾನ ಪಾಠ ಮಾಡಿದವನು ಆವತ್ತು ಅದನ್ನು ಇಲ್ಲಿಂದ ಅಲ್ಲಿಗೆ ಹತ್ತಿಸಿದ. ಹುಡುಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಾಯಿಗೆ ಉಸಿರು ಪರೀಕ್ಷೆಯ ಕೊಳವೆ ಇಟ್ಟ.

ಕುಡಿದದ್ದು ಬೀಗರ ಮನೆಯಲ್ಲಿ, ಹಾಡುಹಗಲು. ಮಗಳ ಮಾವ ಸಾಪರ್ ತನ್ನ ಹಳ್ಳಿಯಲ್ಲಿ ಮೊಮ್ಮಗನ ದಾರ ಕತ್ತರಿಸುವ ಔತಣ ಇಟ್ಟಿದ್ದ. ಮಗು ಮೊದಲ ಹೆಜ್ಜೆ ಇಡುವಾಗ ಅದರ ಎರಡು ಕಾಲನ್ನೂ ಕಪ್ಪು ಬಿಳಿ ದಾರದಿಂದ ಕಟ್ಟಿ, ನಡತೆ ನೆಟ್ಟಗಿರುವ ಹಿರಿಯರೊಬ್ಬರ ಕೈಯಲ್ಲಿ ಕತ್ತರಿಸುತ್ತಾರೆ, ಮಗುವಿನ ನಡಿಗೆ ಅವರ ಹಾಗೇ ಆಗಲಿ ಎಂದು. ಆ ಹಿರಿಯರು ಯಾರೆಂದು ಸಾಪರ್ ಎಲ್ಲರೆದುರು ಕೈ ಚಾಚಿ ತೋರಿಸಿದಾಗ ಒರಾಜ್‌ಬೆಕ್‌ಗೆ ಕಣ್ಣು ಒದ್ದೆಯಾಗಿತ್ತು. ಕತ್ತರಿಸಿದ. ಮಗು ಎರಡು ಹೆಜ್ಜೆ ಇಟ್ಟು ಕೂತಿತು. ಆಮೇಲೆ ಮಗುವಿನ ಎಡಗಾಲಿಗೊಂದು ಲೋಟ, ಬಲಗಾಲಿಗೊಂದು ಲೋಟ. "ಬೀಗರೇ, ಎಡಗಾಲಿಗೆ ಮಾತ್ರ ಕುಡಿದು ನಿಲ್ಲಿಸಿದ್ರೆ ಕೂಸು ಕುಂಟಲ್ವಾ?" ಎಂದು ಸಾಪರ್ ಕೇಳಿದ್ದ. ಗಾಡಿ ಓಡಿಸಬೇಕು ಅಂದದ್ದಕ್ಕೆ, "ಇಲ್ಲಿಂದ ಊರಿನ ತನಕ ರಸ್ತೆ ನಮ್ಮದೇ, ಚೌಕಿಯವನು ನಮ್ಮಕ್ಕನ ಮಗ," ಎಂದಿದ್ದ. ಕುಲ್ಯಾಶ್ ಮಗಳ ಜೊತೆ ಎರಡು ದಿನ ಅಲ್ಲೇ ಉಳಿಯುವವಳಿದ್ದಳು. ಹೊರಟಾಗ ಅವನ ತೋಳು ಹಿಡಿದು, ರಾತ್ರಿ ಇಲ್ಲೇ ಮಲಗಿ ಎಂದಳು. ಅವನು ತೋಳು ಬಿಡಿಸಿಕೊಂಡ. ಬೀಗರ ಗೇಟು ದಾಟಿದ್ದು ನೆನಪಿದೆ. ಮುಂದಿನ ನೆನಪು ವೈಪರಿನದು. ನಡುವೆ ಇಡೀ ರಸ್ತೆ ಕತ್ತರಿಸಿ ತೆಗೆದ ಹಾಗೆ ಇಲ್ಲ. ಚೌಕಿಯವನು ಸಾಪರನ ಅಕ್ಕನ ಮಗನೂ ಆಗಿರಲಿಲ್ಲ.

ನ್ಯಾಯಾಲಯದಲ್ಲಿ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದವಳು ಅವನದೇ ಹಳೆಯ ವಿದ್ಯಾರ್ಥಿನಿ. ಭೂಪಟದಲ್ಲಿ ಸಮುದ್ರಗಳ ಹೆಸರು ತಪ್ಪು ಬರೆದಳೆಂದು ಅವಳನ್ನು ಒಮ್ಮೆ ಇಡೀ ತರಗತಿಯ ಮುಂದೆ ನಿಲ್ಲಿಸಿದ್ದು ಅವನಿಗೆ ಅಲ್ಲೇ, ಆ ಮರದ ಬೆಂಚಿನ ಮೇಲೆ ನೆನಪಾಯಿತು. ಅವಳು ಅವನನ್ನು ಎದ್ದು ನಿಲ್ಲಲು ಹೇಳಿದಳು. "ಮೇಷ್ಟ್ರೇ, ಹೇಳೋದೇನಾದ್ರೂ ಇದ್ಯಾ?" ಎಂದಳು. ಇಲ್ಲ ಎಂದ. ಹದಿನೈದು ದಿನ ಬಂಧನ, ಏಳು ವರ್ಷ ಗಾಡಿ ಓಡಿಸುವಂತಿಲ್ಲ. ಕಾನೂನಿನಲ್ಲಿ ಇದ್ದದ್ದೇ ಅಷ್ಟು. ಅವಳು ಹೆಚ್ಚು ಮಾಡಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಏಳು ವರ್ಷ ಎಂದಾಗ ಅವನು ಯೋಚಿಸಿದ್ದು ತನ್ನ ವಯಸ್ಸನ್ನಲ್ಲ, ಲಾಡಾದ ವಯಸ್ಸನ್ನು. ಬಂದೀಖಾನೆಯ ಕೋಣೆಯಲ್ಲಿ ಜೊತೆಗೆ ಸಿಕ್ಕವನು ಗೆನ್ನಾದಿ ಎಂಬ ಲಾರಿ ಡ್ರೈವರ್, ರಷ್ಯನ್, ಇದೇ ತಪ್ಪಿಗೆ ಎರಡನೆಯ ಸಲ ಬಂದವನು. ಹೊಸಬರಿಗೆ ಹಾಸಿಗೆ ಹಂಚುವುದು, ಟೀ ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸುವುದು ಎಲ್ಲ ಅವನೇ. ಮೇಷ್ಟ್ರ ಗಾಡಿಯ ಬಂಪರ್ ಒಳಕ್ಕೆ ಹೋಗಿದೆ ಎಂದು ಕಾವಲಿನವನು ಏನೋ ಮಾತಿಗೆ ಹೇಳಿದ್ದನ್ನು ಹಿಡಿದುಕೊಂಡವನೂ ಅವನೇ. "ಯಾರಿಗೆ ತಾಗಿಸಿದ್ರಿ, ಮೇಷ್ಟ್ರೇ?" ಎಂದು ಟೀಗೆ ಸಕ್ಕರೆ ಕಲಕುತ್ತ ಕೇಳಿದ. "ನೆನಪಿಲ್ಲ." "ನೆನಪಿಲ್ಲ ಅಂದ್ರೆ ಹೆಂಗೆ? ಬರೀ ಕುಡಿದಿದ್ದಕ್ಕೆ ಇದು, ಒಂಥರಾ ವಿಶ್ರಾಂತಿ ಧಾಮ. ಮನುಷ್ಯನಿಗೆ ತಾಗಿತ್ತು ಅಂದ್ರೆ ಅದು ಬೇರೆ ಕಾನೂನು, ಬೇರೆ ಜೈಲು. ಅಲ್ಲಿ ಟೀಗೆ ಸಕ್ಕರೆ ಕೊಡಲ್ಲ."

ಅಂದಿನಿಂದ ಒರಾಜ್‌ಬೆಕ್‌ಗೆ ಆ ಬಂಪರ್ ಬಿಟ್ಟು ಬೇರೆ ಯೋಚನೆ ಬಂದದ್ದಿಲ್ಲ. ಕತ್ತರಿಸಿಹೋದ ಆ ರಸ್ತೆಯ ಮೇಲೆ ಅವನು ಒಂದೊಂದು ಸಲ ಒಬ್ಬೊಬ್ಬರನ್ನು ತಂದು ನಿಲ್ಲಿಸುತ್ತಿದ್ದ. ಮೊದಲು ಕರು. ಕರು ಸಾಲದು ಎನಿಸಿ ಕತ್ತೆ. ಆಮೇಲೆ ಸೈಕಲ್ಲಿನ ಮುದುಕ. ಮುದುಕನಿಗೆ ಒಂದು ಟೋಪಿ ಕೊಟ್ಟ, ಟೋಪಿ ಉರುಳಿ ಹೋಗುವುದನ್ನು ಕಂಡ, ಬೆವರಿ ಎದ್ದು ಕೂತ. ಗೆನ್ನಾದಿ ಗೊರಕೆ ಹೊಡೆಯುತ್ತಿದ್ದ. ಯಾರೂ ಕೇಳಿಕೊಂಡು ಬರಲಿಲ್ಲ, ಅದೂ ಒಂದು ಭಯ. ಕೇಳಿಕೊಂಡು ಬರಲಾರದ ಸ್ಥಿತಿಯಲ್ಲಿ ಇದ್ದಾರೇನೋ. ಈಗ ಅದೇ ರಸ್ತೆಯಲ್ಲಿ ಕುಲ್ಯಾಶ್ ಆಮೆಯ ನಡಿಗೆಯಲ್ಲಿ ಸಾಗುತ್ತಿದ್ದಾಗ ಅವನ ಕಣ್ಣು ಅಂಚಿನ ಹುಲ್ಲನ್ನು, ಪಾಪ್ಲರ್ ಮರಗಳ ಬುಡವನ್ನು, ಜೋಳದ ಹೊಲದ ಬೇಲಿಯನ್ನು ಒಂದೂ ಬಿಡದೆ ಹುಡುಕುತ್ತಿತ್ತು. ಸಾಪರ್ ಬಿಡುಗಡೆಯ ಖುಷಿಗೆ ಕುರಿ ಕಡಿದಿದ್ದಾನೆ, ನೇರ ಅಲ್ಲಿಗೇ ಊಟಕ್ಕೆ ಬರಬೇಕಂತೆ. ಜೈಲಿನಿಂದ ಬಂದವನಿಗೆ ಕುರಿ ಕಡಿಯುತ್ತಾರೆಯೇ? ಸಾಪರ್ ಕಡಿಯುತ್ತಾನೆ. ಅವನು ಎಲ್ಲದಕ್ಕೂ ಕಡಿಯುತ್ತಾನೆ.

"ಮುಂದಿನ ಬಂಪರ್," ಎಂದ ಒರಾಜ್‌ಬೆಕ್. "ನೋಡಿದ್ಯಾ?"

"ನೋಡ್ದೆ."

"ಎಡಗಡೆ ಒಳಗೆ ಹೋಗಿದೆಯಂತೆ."

"ಹೋಗಿದೆ." ಕುಲ್ಯಾಶಳ ನಾಲಗೆ ಹೊರಗೆ ಬಂತು, ಗೇರು ಬದಲಾಯಿತು, ನಾಲಗೆ ಒಳಗೆ ಹೋಯಿತು. "ಅದು ನಾನು."

"ಏನು?"

"ವಸಂತದಲ್ಲಿ. ನೀವು ಶಾಲೆ ಮಕ್ಕಳನ್ನ ಕರ್ಕೊಂಡು ಪ್ರವಾಸ ಹೋಗಿದ್ರಲ್ಲ, ಆವಾಗ ಅಂಗಳದಲ್ಲಿ ಸುಮ್ನೆ ಮುಂದೆ ಹಿಂದೆ ಓಡಿಸಿ ನೋಡ್ದೆ. ಗೇಟಿನ ಕಂಬಕ್ಕೆ ತಾಗ್ತು. ಮಣ್ಣು ಮೆತ್ತಿ ಇಟ್ಟಿದ್ದೆ. ಪೋಲೀಸ್ರು ಗಾಡಿ ತೊಳೆದಿರ್ಬೇಕು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದೆಯೊಳಗಿನಿಂದ ಸೈಕಲ್ಲಿನ ಮುದುಕ ಎದ್ದು, ಟೋಪಿ ಎತ್ತಿಕೊಂಡು, ಮೈ ಕೊಡವಿ, ತನ್ನ ಪಾಡಿಗೆ ಹೊರಟುಹೋದ. ಅವನ ಹಿಂದೆ ಕತ್ತೆ, ಕರು. ಒರಾಜ್‌ಬೆಕ್ ನಗಲು ಶುರುಮಾಡಿದ. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಕುಲ್ಯಾಶ್ ಬೈಗುಳಕ್ಕಾಗಿ ಹೆಗಲು ಗಟ್ಟಿಮಾಡಿಕೊಂಡು ಕಾದಿದ್ದವಳು ಗಂಡನಿಗೆ ಏನಾದರೂ ಆಗಿಬಿಟ್ಟಿದೆಯೇ ಎಂದು ನೋಡಿದಳು. "ಕಂಬ," ಎಂದ ಅವನು. "ನಮ್ಮನೇ ಕಂಬ. ಎಂಥಾ ಒಳ್ಳೆ ಕಂಬ." ಅವನು ಯಾರಿಗೂ ತಾಗಿಸಿಲ್ಲ. ಅಷ್ಟು ಕುಡಿದಿದ್ದರೂ ಗಾಡಿ ನೆಟ್ಟಗೆ ಓಡಿಸಿದ್ದಾನೆ. ಮೂವತ್ತು ವರ್ಷದ ಅಭ್ಯಾಸವೆಂದರೆ ಹಾಗೆ, ತಲೆ ಮಲಗಿದ್ದರೂ ಕೈ ಎಚ್ಚರವಾಗಿರುತ್ತದೆ. ಈ ಮಾತನ್ನು ಇವತ್ತು ಬೀಗರ ಮನೆಯಲ್ಲಿ ಹೇಗೆ ಹೇಳಬೇಕೆಂದು ಕೂಡ ಅವನು ಯೋಚಿಸಿಬಿಟ್ಟ. ಹಸಿವಾಯಿತು. ಬರಿಗೈಯಲ್ಲಿ ಹೋಗುವುದು ಚೆನ್ನಾಗಿರಲ್ಲ ಎನ್ನಿಸಿತು. ಎದುರಿಗೆ ರಸ್ತೆಯಂಚಿನಲ್ಲಿ ಕರಬೂಜದ ರಾಶಿ ಕಂಡಿತು. "ನಿಲ್ಸು, ನಿಲ್ಸು. ಒಳ್ಳೆ ಹಣ್ಣು ತಗೊಳ್ಳೋಣ," ಎಂದ, ಹಳೆಯ ಯಜಮಾನಿಕೆಯ ದನಿಯಲ್ಲಿ.

ತಗಡಿನ ನೆರಳಿನ ಕೆಳಗೆ ಹಣ್ಣಿನವನೊಬ್ಬ ಕೂತಿದ್ದ. ಪಕ್ಕದಲ್ಲಿ ಬೇಯಿಸಿದ ಮುಸುಕಿನ ಜೋಳ, ಒಣ ಮೊಸರಿನ ಉಂಡೆ ಇಟ್ಟುಕೊಂಡ ಮುದುಕಿ. ಹಿಂದೆ ಕಾಲುವೆ, ಅದರ ಮೇಲೊಂದು ಹಲಗೆ. ಕುಲ್ಯಾಶ್ ವೇಗ ಇಳಿಸಿ ಅಂಚಿಗೆ ಬರುತ್ತಿದ್ದಂತೆ ಒಂದು ವಿಚಿತ್ರ ನಡೆಯಿತು. ಮುದುಕಿ ತಲೆಯೆತ್ತಿ ನೋಡಿದವಳು ಮಾತಿಲ್ಲದೆ ಎದ್ದು, ಹಲಗೆ ದಾಟಿ ಕಾಲುವೆಯಾಚೆ ಹೋಗಿ ನಿಂತಳು. ಹಣ್ಣಿನವನು ಊರುಗೋಲು ತಡಕಿ ಕುಂಟುತ್ತ ಅವಳ ಹಿಂದೆಯೇ ಹೋದ. ಹಣ್ಣು ಒತ್ತಿ ನೋಡುತ್ತಿದ್ದ ಗಿರಾಕಿಯೊಬ್ಬನಿಗೆ ಕಾರಣ ತಿಳಿಯದಿದ್ದರೂ ಅವನೂ ಹಣ್ಣು ಹಿಡಿದುಕೊಂಡೇ ದಾಟಿದ. "ನೋಡ್ದ್ಯಾ," ಎಂದು ಒರಾಜ್‌ಬೆಕ್ ಇನ್ನೊಂದು ಸಲ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಡ್ರೈವಿಂಗ್ ನೋಡಿ ಜನ ಕಾಲುವೆ ದಾಟ್ತಿದಾರೆ."

ಗಾಡಿ ನಿಂತಿತು, ಎಂಜಿನ್ ಸತ್ತಿತು. ಆಗ ಮುದುಕಿ ಹಲಗೆ ದಾಟಿ ಈಚೆ ಬಂದಳು. ಗಿಡ್ಡಕ್ಕೆ ಗುಂಡಗೆ, ತಲೆಗೆ ಹೂವಿನ ಬಟ್ಟೆ ಕಟ್ಟಿದ ಉಯ್ಗುರ್ ಅಜ್ಜಿ. ನಂಬರ್ ತಗಡನ್ನು ನೋಡಿದಳು, ಬಾಗಿಲಿನ ಮೇಲಿನ ತುಕ್ಕಿನ ಕಲೆ ನೋಡಿದಳು, ಆಮೇಲೆ ಸ್ಟೇರಿಂಗಿನ ಹಿಂದಿದ್ದ ಕುಲ್ಯಾಶಳನ್ನು ನೋಡಿದಳು.

"ಇದೇ ಗಾಡಿ," ಎಂದಳು ಹಿಂದಕ್ಕೆ ತಿರುಗಿ. "ಇಮಿನ್‌ಜಾನ್, ಇದೇ. ಈ ಬಾಗಿಲ ಮೇಲೆ ತುಕ್ಕು ಒಂಟೆ ಥರ ಇದೆಯಲ್ಲ, ನಾನು ಹೇಳಿರ್ಲಿಲ್ವಾ? ಕಾಲುವೆ ನೀರಲ್ಲಿ ಬಿದ್ಕೊಂಡು ನೋಡಿದ್ದೆ." ಮತ್ತೆ ಕುಲ್ಯಾಶಳ ಕಡೆ. "ಏನಮ್ಮಾ ಮಗಳೇ, ನೋಡೋಕೆ ಒಳ್ಳೆ ಮನೆ ಹೆಂಗಸು ಥರ ಇದೀಯಾ. ಕುಡಿದು ಗಾಡಿ ಓಡಿಸ್ತೀಯಾ? ನಾವೆಲ್ಲ ಇಲ್ಲೇ ನಿಂತಿದ್ವಿ, ಹತ್ತು ಜನ, ಕೈಕೂಸಿನವ್ಳೂ ಇದ್ಳು. ಬಂದಿದ್ದು ನೋಡಿದ್ರೆ ರಸ್ತೆ ನಿನಗೆ ಸಾಕಾಗ್ಲಿಲ್ಲ. ಎಲ್ಲರೂ ನೀರಿಗೆ ಹಾರಿದ್ವಿ. ನನ್ನ ಕೆಟ್ಲು ಹೋಯ್ತು, ಒಂದು ಚಪ್ಪಲಿ ಹೋಯ್ತು. ಇವನ ಕಾಲು ನೋಡು. ನಿಂತು ಒಂದು ಮಾತು ಕೇಳಿದ್ಯಾ? ಹಾರ್ನ್ ಹೊಡ್ಕೊಂಡು ಹೋದೆ."

ಒರಾಜ್‌ಬೆಕ್ ಪಕ್ಕದ ಸೀಟಿನಲ್ಲಿ ಕೂತಿದ್ದ. ಕೈ ಎಲ್ಲಿದೆಯೆಂದು ಅವನಿಗೆ ಈಗ ಗೊತ್ತೇ ಇರಲಿಲ್ಲ. ಮುದುಕಿ ಅವನ ಕಡೆ ನೋಡಿಯೂ ಇರಲಿಲ್ಲ. ಗಾಡಿ ಯಾರ ಕೈಯಲ್ಲಿದೆಯೋ ತಪ್ಪು ಅವರದು, ಪಕ್ಕದಲ್ಲಿ ಕೂತ ಕನ್ನಡಕದವನು ಯಾರೋ ಪಾಪದ ಮನುಷ್ಯ. ಅವಳ ಆ ತಪ್ಪು ತಿಳುವಳಿಕೆಯಲ್ಲಿ ಅವನಿಗೊಂದು ನೆರಳಿತ್ತು, ಆ ನೆರಳು ತಣ್ಣಗಿತ್ತು. ತಲೆಯೊಳಗೆ ಗೆನ್ನಾದಿಯ ಚಮಚ ಲೋಟದಲ್ಲಿ ಸುತ್ತುತ್ತಿತ್ತು. ಬೇರೆ ಕಾನೂನು, ಬೇರೆ ಜೈಲು. ಆ ನೆರಳಿನಲ್ಲಿ ಅವನು ಎಷ್ಟು ಹೊತ್ತು ಕೂತಿದ್ದನೆಂದರೆ, ಕುಲ್ಯಾಶ್ ತಿರುಗಿ ಅವನ ಮುಖ ನೋಡುವಷ್ಟು ಹೊತ್ತು. ಅವಳ ಕಣ್ಣಲ್ಲಿ ದೂರು ಇರಲಿಲ್ಲ. ಕುತೂಹಲವಿತ್ತು, ಗಂಡ ಏನು ಮಾಡುತ್ತಾನೆಂದು ಅವಳಿಗೂ ನಿಜಕ್ಕೂ ಗೊತ್ತಿರಲಿಲ್ಲ. ಇದು ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಟ್ಟಿತು. ಆಮೇಲೆ ಅವಳು ಮುದುಕಿಯ ಕಡೆ ತಿರುಗಿ, "ಅಜ್ಜೀ, ಕ್ಷಮಿಸ್ಬೇಕು," ಎಂದು ಶುರುಮಾಡಿದಳು.

"ನಾನು," ಎಂದ ಒರಾಜ್‌ಬೆಕ್.

ಯಾರಿಗೂ ಕೇಳಿಸಲಿಲ್ಲ. ಬಾಗಿಲು ತೆಗೆದು ಇಳಿಯಲು ಹೋದ, ಬೆಲ್ಟು ಎಳೆದು ಮತ್ತೆ ಕೂರಿಸಿತು. ಈ ಸೀಟಿನ ಬೆಲ್ಟಿನ ಗುಂಡಿ ಎಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ. ತಡಕಾಡಿದ. ಕುಲ್ಯಾಶ್ ಕೈ ಚಾಚಿ ಬಿಡಿಸಿದಳು. ಇಳಿದು, ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, "ಆವತ್ತು ಓಡಿಸಿದ್ದು ನಾನು. ಇವ್ಳಲ್ಲ. ಇವ್ಳು ಗಾಡಿಯಲ್ಲೇ ಇರ್ಲಿಲ್ಲ," ಎಂದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ಹೊತ್ತು ಯಾಕೆ ಸುಮ್ನಿದ್ರಿ?"

ಇಮಿನ್‌ಜಾನ್ ಎಂಬ ಆ ಹಣ್ಣಿನವನು ಹಲಗೆ ದಾಟಿ ನಿಧಾನವಾಗಿ ಬಂದು ತನ್ನ ಪೆಟ್ಟಿಗೆಯ ಮೇಲೆ ಕೂತ. ಪ್ಯಾಂಟನ್ನು ಮೊಣಕಾಲಿನವರೆಗೆ ಕತ್ತರಿಸಿ, ಕೆಳಗೆ ಪ್ಲಾಸ್ಟರ್ ಹಾಕಿದ್ದರು. ಅದರ ಮೇಲೆ ಯಾವುದೋ ಮಗು ಬಣ್ಣದ ಪೆನ್ಸಿಲಿನಲ್ಲಿ ಬೆಕ್ಕು ಬರೆದಿತ್ತು. ಸಿಟ್ಟಿನ ಮನುಷ್ಯನಲ್ಲ ಅವನು, ಸಿಟ್ಟು ಮಾಡುವ ಕೆಲಸವನ್ನು ಮುದುಕಿಗೆ ಬಿಟ್ಟುಕೊಟ್ಟವನ ಹಾಗಿದ್ದ. "ನೀವು ತಾಗಿಸ್ಲಿಲ್ಲ," ಎಂದ. "ಅದು ಹೇಳ್ಬೇಕು. ನಾನೇ ಹಾರಿದ್ದು. ಕಾಲುವೆ ಒಳಗೆ ಕಲ್ಲಿತ್ತು."

"ಅವನು ತಾಗಿಸ್ದೆ ಇದ್ದಿದ್ದು ನಾವು ಹಾರಿದ್ದಕ್ಕೆ," ಎಂದಳು ಮುದುಕಿ. "ಅವನ ದೊಡ್ಡಸ್ತಿಕೆ ಏನಿಲ್ಲ."

ತಲೆ ಮಲಗಿದ್ದರೂ ಕೈ ಎಚ್ಚರ. ಆ ಮಾತು ಬಾಯಿಗೆ ಬರುವ ಮೊದಲೇ ಹುಳಿಯಾಯಿತು. ಅವನ ಕಣ್ಣೆದುರು ಬಂದದ್ದು ಮುಖಗಳಲ್ಲ, ಬೆನ್ನುಗಳು: ನೀರಿಗೆ ಹಾರುತ್ತಿರುವ ಹತ್ತು ಬೆನ್ನುಗಳು, ಅದರಲ್ಲೊಂದು ಕೂಸನ್ನು ಎದೆಗೆ ಅವಚಿಕೊಂಡು ಬಾಗಿದ ಬೆನ್ನು. ಅವನು ಅದನ್ನು ಕಂಡಿದ್ದನೇ, ಈಗ ಕಟ್ಟಿಕೊಳ್ಳುತ್ತಿದ್ದಾನೆಯೇ, ತಿಳಿಯುವ ದಾರಿ ಇರಲಿಲ್ಲ. "ಕೂಸಿಗೆ?" ಎಂದು ಕೇಳಿದ. "ನೆಗಡಿ ಆಯ್ತು," ಎಂದಳು ಮುದುಕಿ. "ಹೋಯ್ತು." ಅವನು ಕರಬೂಜದ ರಾಶಿಯ ಪಕ್ಕ ನೆಲದ ಮೇಲೆ ಕೂತ.

"ಠಾಣೆಗೆ ದೂರು ಕೊಟ್ಟಿಲ್ವಾ?"

"ಏನಂತ ಕೊಡೋದು? ನಂಬರ್ ಯಾರು ನೋಡಿದ್ರು? ಎಲ್ಲರ ಮುಖ ನೀರಲ್ಲಿತ್ತು. ಒಂಟೆ ಥರ ತುಕ್ಕು ಅಂತ ಬರ್ಕೊಳ್ತಾರಾ ಪೋಲೀಸ್ರು?" ಇಮಿನ್‌ಜಾನ್ ಊರುಗೋಲಿನಿಂದ ಒಂದು ಹಣ್ಣನ್ನು ಒಳಗೆ ತಳ್ಳಿದ. "ಈಗ ನಂಬರೂ ಸಿಕ್ತು, ನೀವೂ ಸಿಕ್ಕಿದ್ರಿ."

"ಕೊಡಿ," ಎಂದ ಒರಾಜ್‌ಬೆಕ್. "ನಡೀರಿ, ಈಗ್ಲೇ ಹೋಗೋಣ. ನಾನೂ ಹೇಳ್ತೀನಿ." ಹೇಳುತ್ತಲೇ, ಈ ಮನುಷ್ಯ ಬೇಡ ಅನ್ನಲಿ, ಬೇಡ ಅನ್ನಲಿ ಎಂದು ತನ್ನೊಳಗೆ ಯಾರೋ ಕೈಮುಗಿದು ಕುಕ್ಕರಿಸಿ ಕೂತಿರುವುದನ್ನು ಕಂಡ. ಒಳಗಿನ ಆ ಮನುಷ್ಯನ ಮೇಲೆ ಹೇಸಿಗೆಯಾಯಿತು. ಆದರೆ ಅವನನ್ನು ಎಬ್ಬಿಸಿ ಕಳಿಸಲಾಗಲಿಲ್ಲ.

"ಅದು ಯೋಚ್ನೆ ಮಾಡ್ಬೇಕು," ಎಂದ ಇಮಿನ್‌ಜಾನ್. "ಅವಸರದಲ್ಲಿ ಹೇಳೋ ವಿಷ್ಯ ಅಲ್ಲ. ಬೆಳಿಗ್ಗೆ ಅಳಿಯ ಹಣ್ಣು ಸುರಿದು ಹೋದ. ದೊಡ್ಡದು ಒಂದ್ಕಡೆ, ಸಣ್ಣದು ಒಂದ್ಕಡೆ ಮಾಡ್ಬೇಕು. ನನಗೆ ಬಗ್ಗೋಕಾಗಲ್ಲ. ನೀವು ಹೇಗೂ ಕೆಳಗೆ ಕೂತಿದೀರಲ್ಲ."

ಹೀಗೆ ಒರಾಜ್‌ಬೆಕ್ ಬೀಗರ ಊಟಕ್ಕೆ ಹೋಗಲಿಲ್ಲ. ಅವನು ಕೋಟು ತೆಗೆದು ಮಡಿಸಿ ಪಕ್ಕಕ್ಕಿಟ್ಟು, ಹಣ್ಣು ವಿಂಗಡಿಸತೊಡಗಿದ್ದನ್ನು ಕುಲ್ಯಾಶ್ ಸ್ವಲ್ಪ ಹೊತ್ತು ನಿಂತು ನೋಡಿದಳು. "ಸಾಪರ್‌ ಅವ್ರಿಗೆ ಏನು ಹೇಳ್ಲಿ?" "ಇದ್ದಿದ್ದು ಹೇಳು." "ಇದ್ದಿದ್ದು ಹೇಳಿದ್ರೆ ಅವ್ರು ಕುರೀನೇ ಇಲ್ಲಿಗೆ ತರ್ತಾರೆ," ಎಂದು ಅವಳು ಗಾಡಿ ಹತ್ತಿ ಹೋದಳು. ಕೂಡಲೇ ಶಾಲೆಯ ಇಬ್ಬರು ಶಿಕ್ಷಕಿಯರು ಹಣ್ಣಿಗೆಂದು ಕಾರು ನಿಲ್ಲಿಸಿದರು. ಮೇಷ್ಟ್ರನ್ನು ಕಂಡು ಒಬ್ಬರನ್ನೊಬ್ಬರು ನೋಡಿಕೊಂಡು, ಬಂದೀಖಾನೆಯವರು ಹೊಲದ ಕೆಲಸಕ್ಕೆ ಕಳಿಸುತ್ತಾರೇನೋ ಎಂದು ಭಾವಿಸಿ, ಬಹಳ ಮೃದುವಾಗಿ, "ಇನ್ನೂ ಎಷ್ಟು ದಿನ ಇದೆ, ಮೇಷ್ಟ್ರೇ?" ಎಂದು ವಿಚಾರಿಸಿದರು. ಮುದುಕಿ, "ಹಣ್ಣು ಮುಗಿಯೋ ತನಕ," ಎಂದು ಉತ್ತರ ಕೊಟ್ಟಳು. ಅವನಿಗೆ ಬಿಸಿಲಿಗೋ ನಾಚಿಕೆಗೋ ಕಿವಿ ಸುಡುತ್ತಿತ್ತು. ಆದರೂ ಕೈಗಳಿಗೆ ಬೆಳಗಿನಿಂದ ಮೊದಲ ಸಲ ಒಂದು ಜಾಗ ಸಿಕ್ಕಿತ್ತು. ಹಣ್ಣಿನ ಒರಟು ಸಿಪ್ಪೆಯ ಮೇಲೆ ಅವು ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಸಣ್ಣದು ಯಾವುದು ದೊಡ್ಡದು ಯಾವುದು ಎಂಬ ಪ್ರಶ್ನೆಯೊಂದೇ ಜಗತ್ತಿನಲ್ಲಿ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ನಡುವೆ ಇಮಿನ್‌ಜಾನ್ ಒಂದು ಹೋಳು ಕೊಟ್ಟ. ತಿಂದ. ತುಂಬ ಸಿಹಿಯಾಗಿತ್ತು, ಅದು ಅವನಿಗೆ ಅನ್ಯಾಯವೆನ್ನಿಸಿತು.

ಹೊತ್ತು ಸ್ವಲ್ಪ ಇಳಿದ ಮೇಲೆ ಹಳ್ಳಿಯ ಕಡೆಯಿಂದ ಕಪ್ಪು ಜೀಪೊಂದು ಕಾಣಿಸಿತು. ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಆರಾಮವಾಗಿ, ಯಾರದೋ ಕಥೆ ಹೇಳುತ್ತ ನಡೆಯುವವನ ಹಾಗೆ ಬರುತ್ತಿತ್ತು. ಮುದುಕಿ ಎದ್ದಳು. "ಇಮಿನ್‌ಜಾನ್," ಎಂದಳು ಅಷ್ಟೆ. ಇಮಿನ್‌ಜಾನ್ ಊರುಗೋಲು ಎತ್ತಿಕೊಂಡ. ಒರಾಜ್‌ಬೆಕ್ ಅವನ ತೋಳಿನ ಕೆಳಗೆ ಹೆಗಲು ಕೊಟ್ಟು, ಮೂವರೂ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ದಾಟುವಷ್ಟರಲ್ಲಿ ಜೀಪು ರಾಶಿಯ ಅಂಚಿನ ಎರಡು ಹಣ್ಣುಗಳನ್ನು ಪಚಕ್ಕೆಂದು ಒಡೆದು ನಿಂತಿತು. ಸಾಪರ್ ಇಳಿದ. ಕೆಂಪು ಕೆನ್ನೆ, ಹೊಸ ಅಂಗಿ, ಎರಡೂ ಕೈ ಚಾಚಿ, ಕಾಲುವೆಯಾಚೆ ನಿಂತ ಬೀಗನನ್ನು ಕಂಡು, "ಅಲ್ಲಿ ಏನ್ ಮಾಡ್ತಿದೀರಾ ಬೀಗರೇ? ಈಚೆ ಬನ್ನಿ, ತಬ್ಕೋಬೇಕು. ದೊಡ್ಡ ಅತಿಥಿಯ ಪಾಲು, ಕುರಿ ತಲೆ, ನಿಮಗೋಸ್ಕರ ಕಾಯ್ತಿದೆ. ಬೀಗಿತ್ತಿ ಏನೇನೋ ಹೇಳಿದ್ರು, ಯಾವನೋ ಕಾಲು, ಯಾವನೋ ಕಾಲುವೆ. ನಾನಿದೀನಿ, ಅದೆಲ್ಲ ನೋಡ್ಕೋತೀನಿ," ಎಂದ. ಮಾತಿನ ಜೊತೆ ವೋಡ್ಕಾ ವಾಸನೆ ಹಲಗೆ ದಾಟಿ ಬಂತು.

ಒರಾಜ್‌ಬೆಕ್ ಈಚೆ ಬಂದ. ತಬ್ಬಿಸಿಕೊಂಡ. ತಬ್ಬಿದ ಕೈ ಬಿಡುವ ಮೊದಲು ಸಾಪರನ ಬೆರಳಿನಿಂದ ತೂಗುತ್ತಿದ್ದ ಕೀಲಿಯನ್ನು ತೆಗೆದುಕೊಂಡ. ಅದು ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

"ನೀವು ಓಡಿಸ್ತೀರಾ?" ಎಂದು ಸಾಪರ್ ನಕ್ಕ. "ನಿಮಗೆ ಏಳು ವರ್ಷ ಲೈಸೆನ್ಸೇ ಇಲ್ವಲ್ಲ ಬೀಗರೇ."

"ನಾನೂ ಓಡ್ಸಲ್ಲ. ನೀವೂ ಓಡ್ಸಲ್ಲ." ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಬೀಗರ ಮುಂದೆ ದನಿಯೆತ್ತಿ ಮಾತಾಡಿದರೆ ಮಗಳ ಬಾಳಿನಲ್ಲಿ ಎಷ್ಟು ವರ್ಷ ಅದು ಸದ್ದು ಮಾಡುತ್ತದೆಂದು ಕಝಾಕನಾಗಿ ಹುಟ್ಟಿದ ಯಾರಿಗಾದರೂ ಗೊತ್ತು.

ಸಾಪರನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಒಣಗಿತು. "ಬೀಗರೇ, ಕೀಲಿ ಕೊಡಿ."

"ಇಲ್ಲ."

"ಜನ ನೋಡ್ತಿದಾರೆ."

"ಹೌದು."

"ನನ್ನ ಮನೆ ಕುರ್ಚಿ ಮೇಲೆ ಕೂತು ನನ್ನ ಉಪ್ಪು ತಿಂದವ್ರು ನೀವು. ಈ ಅವಮಾನ ನಾನು ಮರೀತೀನಿ ಅಂದ್ಕೊಂಡಿದೀರಾ?" ಕೈ ಮುಂದೆ ಬಂತು. ಒರಾಜ್‌ಬೆಕ್‌ನ ಜೇಬಿನ ಹತ್ತಿರ ಬಂದು, ಬೀಗನ ಎದೆಗೆ ಕೈ ಹಾಕುವುದು ಹೇಗೆಂದು ತಿಳಿಯದೆ, ಗಾಳಿಯಲ್ಲೇ ನಿಂತಿತು. ಒರಾಜ್‌ಬೆಕ್ ಆ ಕೈಯನ್ನು ನೋಡಿದ. "ಕೂತ್ಕೊಳ್ಳಿ," ಎಂದ, ಹಿಂದಿನ ಬೆಂಚಿನ ಹುಡುಗನಿಗೆ ಹೇಳುವ ಹಾಗೆ. ಯಾಕೋ ಸಾಪರ್ ಕೂತುಬಿಟ್ಟ. ಇಮಿನ್‌ಜಾನ್‌ನ ಪೆಟ್ಟಿಗೆಯ ಮೇಲೆ ಕೂತು, ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಒಡೆದುಹೋದ ಹಣ್ಣನ್ನು ದಿಟ್ಟಿಸಿದ. ಮುದುಕಿ ಅವನ ಕೈಗೆ ಒಂದು ಬೇಯಿಸಿದ ಜೋಳದ ತೆನೆ ಇಟ್ಟಳು.

ಸ್ವಲ್ಪ ಹೊತ್ತಿಗೆ ಲಾಡಾ ಬಂತು. ಕುಲ್ಯಾಶ್ ಜೀಪಿನ ಹಿಂದೆಯೇ ಹೊರಟಿದ್ದಳಂತೆ, ಅವಳ ವೇಗಕ್ಕೆ ಇಷ್ಟು ಹೊತ್ತು ಹಿಡಿಯಿತು. ಯಾರೂ ಏನೂ ಹೇಳದಿದ್ದರೂ ಅವಳಿಗೆ ಎಲ್ಲ ಅರ್ಥವಾಯಿತು. ಹಿಂದಿನ ಬಾಗಿಲು ತೆಗೆದು ಹಿಡಿದು, "ಬನ್ನಿ ಬೀಗರೇ," ಎಂದಳು. ಹೆಂಗಸು ಓಡಿಸುವ ಗಾಡಿಯನ್ನು ನಾನು ಹತ್ತುವುದಿಲ್ಲ ಎಂದ ಸಾಪರ್. ಹಾಗಾದರೆ ಇಲ್ಲೇ ಹಣ್ಣು ವಿಂಗಡಿಸಬಹುದು, ಇನ್ನೂ ಅರ್ಧ ರಾಶಿ ಇದೆ ಎಂದಳು ಮುದುಕಿ. ಹತ್ತಿದ. ಜೋಳ ಹಿಡಿದುಕೊಂಡು, ಟ್ಯಾಕ್ಸಿಯಲ್ಲಿ ಹೋಗುವ ಅಧಿಕಾರಿಯ ಹಾಗೆ ನೆಟ್ಟಗೆ ಮುಂದೆ ನೋಡುತ್ತ ಕೂತ. ಬೀಗನ ಕಡೆ ತಿರುಗಲಿಲ್ಲ. ಕೀಲಿಯನ್ನು ಕುಲ್ಯಾಶಳ ಕೈಗೆ ಕೊಡುವಾಗ ಒರಾಜ್‌ಬೆಕ್, "ಮಗಳಿಗೆ..." ಎಂದ. "ನಾನು ಹೇಳ್ತೀನಿ," ಎಂದಳು ಅವಳು. "ನಾನು ರಾತ್ರಿ ಅಲ್ಲೇ ಉಳೀಬೇಕಾಗುತ್ತೆ ಅನ್ಸುತ್ತೆ. ಇವ್ರನ್ನ ಸಮಾಧಾನ ಮಾಡೋಕೆ." ಗಾಡಿ ಎರಡು ಸಲ ಕೆಮ್ಮಿ ಹೊರಟಿತು.

ಅವನು ಉಳಿದ ಹಣ್ಣು ವಿಂಗಡಿಸಿ ಮುಗಿಸಿದ. ಒಡೆದ ಎರಡನ್ನೂ ಇಮಿನ್‌ಜಾನ್ ಪಕ್ಕದಲ್ಲಿ ಕಟ್ಟಿದ್ದ ಯಾರದೋ ಕತ್ತೆಗೆ ಹಾಕಿಸಿದ. ಆಮೇಲೆ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಇಟ್ಟುಕೊಂಡು ಹೇಳಿದ: "ದೂರಿನ ವಿಷ್ಯ ಹೆಂಡ್ತೀನ ಕೇಳ್ಬೇಕು. ಅವ್ಳು ಕೊಡು ಅಂತಾಳೆ ಅನ್ಸುತ್ತೆ. ನಾಳೆ ಹೇಳ್ತೀನಿ. ಹೇಗಿದ್ರೂ ನಾಳೆ ಬೇಗ ಬನ್ನಿ, ಅಳಿಯ ಇನ್ನೊಂದು ಗಾಡಿ ಹಣ್ಣು ತರ್ತಾನೆ."

"ಬರ್ತೀನಿ," ಎಂದ ಒರಾಜ್‌ಬೆಕ್. ಕೋಟು ಹಾಕಿಕೊಂಡ. ರಸ್ತೆಯ ಎರಡೂ ಕಡೆ ನೋಡಿದ, ಊರು ದೂರವಿತ್ತು. ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದರೂ ನೆಲದ ಮೇಲೆ ನಿಂತು ಅದನ್ನು ನೋಡಿದ್ದು ಇದೇ ಮೊದಲು. "ಊರಿಗೆ ಬಸ್ಸು ಇದ್ಯಾ, ಅಜ್ಜಿ?"

"ಇದೆ."

"ಎಲ್ಲಿ ನಿಲ್ಲುತ್ತೆ?"

ಮುದುಕಿ ಬುಟ್ಟಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟು ಅವನನ್ನು ನೋಡಿದಳು. "ಇಲ್ಲೇ," ಎಂದಳು. "ಮತ್ತೆ ಆವತ್ತು ನಾವೆಲ್ಲ ಇಲ್ಲಿ ಯಾಕೆ ನಿಂತಿದ್ವಿ ಅಂದ್ಕೊಂಡ್ರಿ?"

ಒರಾಜ್‌ಬೆಕ್ ಕಾಲಿನ ಕೆಳಗೆ ನೋಡಿದ. ಅಲ್ಲಿ ನೆಲ ಹುಲ್ಲಿಲ್ಲದೆ, ತುಳಿದು ತುಳಿದು ನುಣುಪಾಗಿತ್ತು. ಒಂದು ಹೆಜ್ಜೆ ಹಿಂದಕ್ಕೆ ಸರಿದ, ಆಮೇಲೆ ಇನ್ನೊಂದು, ಕಾಲುವೆಯ ನೀರಿನ ಸದ್ದು ಕೇಳಿಸುವಷ್ಟು. ಅಲ್ಲಿ ನಿಂತು ಬಸ್ಸಿಗೆ ಕಾದ.